ಹಾಳಾಗಲೆಂದೇ ಹಾಕಿದ ರಸ್ತೆ

ಅಮೆರಿಕಕ್ಕೆ ಹೋಗಿ ಬಂದವರನ್ನು ಊರಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ನಯಾಗರ ನೋಡಿದ್ರಾ?" ನನ್ನನ್ನೂ ಕೇಳಿದರು. ನಾನು ನಯಾಗರ ನೋಡಲಿಲ್ಲ. ಮಳೆಗಾಲದ ಜೋಗ ನೋಡಿ ಬೆಳೆದವಳಿಗೆ ಅದೊಂದು ದೊಡ್ಡ ಕೊರತೆ ಅನ್ನಿಸಲೂ ಇಲ್ಲ. ನಾನು ನೋಡಿಕೊಂಡು ಬಂದದ್ದು ಒಂದು ರಸ್ತೆಯನ್ನು. ಹಾಗೆಂದರೆ ಎಲ್ಲರೂ ನಗುತ್ತಾರೆ. "ರಸ್ತೆ ನೋಡೋದಕ್ಕೆ ವಿಮಾನ ಹತ್ತಬೇಕಿತ್ತಾ ಟೀಚರೇ?" ಎಂದರು ನಮ್ಮ ಅಂಗಡಿಯ ಕಾಮತರು. ಹೇಳುತ್ತೇನೆ ಕೇಳಿ.

ಇದು 2013ರ ಮಾತು. ಮಗಳು, ಅಳಿಯ ಆಗ ಮಿನೆಸೋಟ ರಾಜ್ಯದ ಮೇಪಲ್ ಗ್ರೋವ್ ಎಂಬ ಊರಿನಲ್ಲಿದ್ದರು. ಮಿನಿಯಾಪೊಲಿಸ್ ನಗರದ ಅಂಚಿನಲ್ಲಿರುವ ಊರು ಅದು. ಮಿನೆಸೋಟ ಎಂದರೆ ಅಮೆರಿಕದ ಉತ್ತರದ ತುದಿ, ಮೇಲೆ ಕೆನಡಾ. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿಯವರಿಗೆ ಸುದ್ದಿಯೇ ಅಲ್ಲ. ಬೇಸಿಗೆಯಲ್ಲಿ ನಮ್ಮ ಹಾಗೆಯೇ ಮೂವತ್ತೈದರ ಸೆಕೆ. ನಾನು ಹೋದದ್ದು ಏಪ್ರಿಲ್ ಕೊನೆಗೆ. ನಮ್ಮಲ್ಲಿ ಮಾವಿನ ಹಣ್ಣಿನ ಕಾಲ. ಅಲ್ಲಿ ಮರಗಳಿಗೆ ಇನ್ನೂ ಎಲೆಯೇ ಬಂದಿರಲಿಲ್ಲ.

ಮೊದಲ ಶನಿವಾರ ಎಲ್ಲರೂ ಸೇಂಟ್ ಕ್ಲೌಡ್ ಎಂಬ ಊರಿಗೆ ಹೊರಟೆವು. ತೊಂಬತ್ತನಾಲ್ಕನೇ ನಂಬರಿನ ಹೆದ್ದಾರಿ. ಅರ್ಧ ಗಂಟೆಯೊಳಗೆ ಆಲ್ಬರ್ಟ್‌ವಿಲ್ ಬಂತು. ರಿಯಾಯಿತಿ ದರದ ಬಟ್ಟೆಯಂಗಡಿಗಳ ದೊಡ್ಡ ಸಂತೆ ಅಲ್ಲಿದೆ. ಇಂಡಿಯಾದಿಂದ ಬಂದ ಅಪ್ಪ ಅಮ್ಮಂದಿರನ್ನೆಲ್ಲ ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯುವುದು ವಾಡಿಕೆಯಂತೆ. ಅದನ್ನು ದಾಟಿದ ಸ್ವಲ್ಪ ಹೊತ್ತಿಗೆ, ಆಗ ಒಂಬತ್ತು ವರ್ಷದವನಾಗಿದ್ದ ಮೊಮ್ಮಗ ನನ್ನ ತೋಳು ಹಿಡಿದು ಅಲುಗಿಸಿದ.

"ಅಜ್ಜಿ, ಕಣ್ಣು ಮುಚ್ಕೋ. ಈಗ ಚಕ್ರದ ಸದ್ದು ಕೇಳು."

ಕೇಳಿದೆ. ಇಷ್ಟು ಹೊತ್ತು ಒಂದೇ ಸಮ ಗುಂಯ್ ಎನ್ನುತ್ತಿದ್ದ ಕಾರು ಸೊಂಯ್ ಎಂದು ಮೆತ್ತಗಾಯಿತು. ನಾಲ್ಕೈದು ಎಣಿಸುವಷ್ಟರಲ್ಲಿ ಟಪ್ ಟಪ್ ಎಂದಿತು. ಮತ್ತೆ ಬೇರೆ ರಾಗ. ಯಾರೋ ಹಾರ್ಮೋನಿಯಂ ಮನೆಗಳನ್ನು ಒಂದೊಂದಾಗಿ ಒತ್ತುತ್ತಾ ಹೋದ ಹಾಗೆ. ರಸ್ತೆ ಬದಲಾಗಿರಲಿಲ್ಲ. ಆದರೆ ಪ್ರತಿ ನೂರೈವತ್ತು ಮೀಟರಿಗೊಮ್ಮೆ ಅದರ ಹಾಸು ಬೇರೆಯಾಗುತ್ತಿತ್ತು. ಕೆಲವು ಡಾಂಬರಿನವು, ಕೆಲವು ಕಾಂಕ್ರೀಟಿನವು. ಡಾಂಬರಿನಲ್ಲೂ ಒಂದೊಂದರ ಪಾಕ ಒಂದೊಂದು.

"ಇದು ಪರೀಕ್ಷೆ ರಸ್ತೆ ಅಜ್ಜಿ. ನಾವು ಈಗ ಪರೀಕ್ಷೆ ಮಾಡ್ತಾ ಇದೀವಿ, ಗೊತ್ತಾ?" ಎಂದ.

ಈ ರಸ್ತೆಯ ಹೆಸರು ಮಿನ್‌ರೋಡ್. ಮಿನೆಸೋಟ ರಾಜ್ಯದ ಸಾರಿಗೆ ಇಲಾಖೆಯದು. 1994ರಲ್ಲಿ ಶುರುವಾಯಿತು. ಹೆದ್ದಾರಿಯ ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿ ಸುಮಾರು ಐದೂವರೆ ಕಿಲೋಮೀಟರ್ ಉದ್ದಕ್ಕೆ ತುಂಡು ತುಂಡಾಗಿ ಬೇರೆ ಬೇರೆ ಬಗೆಯ ರಸ್ತೆ ಹಾಕಿ, ಅದರ ಮೇಲೆ ದಿನವೂ ಓಡುವ ಸಾವಿರಾರು ಲಾರಿ, ಕಾರುಗಳನ್ನು ಓಡಲು ಬಿಟ್ಟು, ಯಾವ ತುಂಡು ಹೇಗೆ ಸವೆಯುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ನೋಡುತ್ತಾರೆ. ಪಕ್ಕದಲ್ಲಿ ಹಳೆಯ ರಸ್ತೆಯನ್ನೂ ಉಳಿಸಿಕೊಂಡಿದ್ದಾರೆ. ಇಂಜಿನಿಯರುಗಳು ಕೆಳಗಿಳಿದು ಅಳೆಯಬೇಕಾದಾಗ ವಾಹನಗಳನ್ನೆಲ್ಲ ಅದಕ್ಕೆ ತಿರುಗಿಸಿಬಿಡುತ್ತಾರೆ. ಮಲೆನಾಡಿನ ಮನೆಗೆ ಅಂಕಣಗಳಿರುವ ಹಾಗೆ ಈ ರಸ್ತೆಗೂ ಅಂಕಣಗಳು. ಅವರು ಅದನ್ನು ಸೆಲ್ ಎನ್ನುತ್ತಾರೆ. ಹೆದ್ದಾರಿಯವು, ಒಳಗಿನವು ಸೇರಿ ಐವತ್ತಕ್ಕೂ ಹೆಚ್ಚು.

ಮಗಳ ಪಕ್ಕದ ಮನೆಯಲ್ಲಿದ್ದ ಹುಡುಗಿ ಅಲ್ಲಿ ಇಂಜಿನಿಯರು. ಮೊಮ್ಮಗನಿಗೆ ಸದ್ದಿನ ಆಟ ಕಲಿಸಿದ್ದೂ ಅವಳೇ. ನನ್ನ ಅಪ್ಪಯ್ಯ ರಸ್ತೆ ಕೆಲಸದ ಗ್ಯಾಂಗ್ ಮೇಸ್ತ್ರಿಯಾಗಿದ್ದರು ಎಂದು ಮಗಳು ಅವಳಿಗೆ ಹೇಳಿದ್ದೇ ತಡ, "ಹಾಗಾದರೆ ಒಳಗೆ ಬಂದು ನೋಡಲೇಬೇಕು" ಎಂದು ಕರೆದಳು. ಹಾಗೆ ಮೇ ತಿಂಗಳ ಮೊದಲ ವಾರದಲ್ಲಿ ಒಂದು ದಿನ ನಾನು, ಮೊಮ್ಮಗ ಇಬ್ಬರೂ ತಲೆಗೆ ಟೋಪಿ, ಮೈಗೆ ಹೊಳೆಯುವ ಹಳದಿ ಅಂಗಿ ಏರಿಸಿಕೊಂಡು ನಿಂತೆವು. ಸೀರೆಯ ಮೇಲೆ ಆ ಅಂಗಿ ಹೇಗೆ ಕಂಡಿರಬಹುದೋ! ಫೋಟೋ ಇದೆ. ತೋರಿಸುವುದಿಲ್ಲ.

ಹೆದ್ದಾರಿಯ ಪಕ್ಕದಲ್ಲೇ, ಬೇಲಿಯೊಳಗೆ, ಇನ್ನೊಂದು ರಸ್ತೆ ಇದೆ. ನಾಲ್ಕು ಕಿಲೋಮೀಟರ್ ಉದ್ದದ ಉಂಗುರ. ಹಳ್ಳಿ ರಸ್ತೆಗಳ ಪರೀಕ್ಷೆಗೆಂದು ಹಾಕಿದ್ದು. ಅದು ಯಾವ ಊರಿಗೂ ಹೋಗುವುದಿಲ್ಲ. ಅದರ ಮೇಲೆ ಒಂದೇ ಒಂದು ಲಾರಿ. ಐದು ಅಚ್ಚಿನ ದೊಡ್ಡ ಲಾರಿ; ಅಚ್ಚು ಎಂದರೆ ಗಾಡಿಯ ಎರಡು ಕಡೆಯ ಚಕ್ರಗಳನ್ನು ಸೇರಿಸುವ ಆಕ್ಸಲ್. ಹೊರೆ ಸೇರಿ ತೂಕ ಸುಮಾರು ಮೂವತ್ತಾರು ಟನ್. ಬೆಳಗ್ಗೆ ಬಂದ ಡ್ರೈವರ್ ಹತ್ತಿ ಕೂತರೆ ದಿನಕ್ಕೆ ಎಂಬತ್ತು ಸುತ್ತು. ಮುನ್ನೂರಿಪ್ಪತ್ತು ಕಿಲೋಮೀಟರ್ ಓಡಿಸಿಯೂ ಹೊರಟ ಜಾಗದಲ್ಲೇ ಇಳಿಯುತ್ತಾನೆ!

"ಅವನಿಗೆ ಬೇಜಾರಾಗಲ್ವಾ?" ಎಂದ ಮೊಮ್ಮಗ.

ದೇವಸ್ಥಾನದಲ್ಲಿ ಹರಕೆ ಹೊತ್ತವರು ನೂರೆಂಟು ಪ್ರದಕ್ಷಿಣೆ ಹಾಕುವುದನ್ನು ನಾನು ನೋಡಿದ್ದೇನೆ. ಇದೂ ಹಾಗೆಯೇ ಇರಬೇಕು ಎಂದೆ. ಇಂಜಿನಿಯರ್ ಹುಡುಗಿಗೆ ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಲಾರಿ ಇನ್ನೊಂದು ಸುತ್ತು ಮುಗಿಸಿ ನಮ್ಮೆದುರು ಬುಸ್ ಎಂದು ಹಾದುಹೋಯಿತು.

ಇದರಲ್ಲಿ ಒಂದು ಜಾಣತನವಿದೆ. ಲಾರಿ ಓಡುವುದು ಉಂಗುರದ ಒಳಗಿನ ಸಾಲಿನಲ್ಲಿ ಮಾತ್ರ. ಹೊರಗಿನ ಸಾಲು ಖಾಲಿ. ಎರಡರ ಮೇಲೂ ಬೀಳುವುದು ಒಂದೇ ಬಿಸಿಲು, ಒಂದೇ ಹಿಮ, ಒಂದೇ ಮಳೆ. ಹೊರಗಿನ ಸಾಲಿನಲ್ಲಿ ಬಿರುಕು ಬಿಟ್ಟರೆ ಅದು ಹವೆಯ ಕೆಲಸ. ಒಳಗಿನ ಸಾಲಿನಲ್ಲಿ ಅದಕ್ಕಿಂತ ಹೆಚ್ಚಾಗಿ ಏನಾಯಿತೋ ಅದು ಲಾರಿಯ ಕೆಲಸ. ಶಾಲೆಯಲ್ಲಿ ಎರಡು ಕುಂಡದಲ್ಲಿ ಹುರುಳಿ ಬಿತ್ತಿ, ಒಂದನ್ನು ಬಿಸಿಲಿಗೆ, ಒಂದನ್ನು ಕತ್ತಲೆಗೆ ಇಟ್ಟು ನೋಡುತ್ತೀರಲ್ಲ ಮಕ್ಕಳೇ, ಅದೇ ಉಪಾಯ. ಕುಂಡ ಮಾತ್ರ ನಾಲ್ಕು ಕಿಲೋಮೀಟರ್ ಉದ್ದ.

ಆ ಖಾಲಿ ಸಾಲಿನ ಮೇಲೆ ನಿಂತಾಗ ನನಗೆ ನೆನಪಾದದ್ದು ಅಪ್ಪಯ್ಯ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಒಂದು ಭಾಗ ಅವರ ಗ್ಯಾಂಗಿನ ಸುಪರ್ದಿನಲ್ಲಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಗಾಲದಲ್ಲಿ ಉಳಿದವರೆಲ್ಲ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಸುಟ್ಟು ತಿನ್ನುವಾಗ ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು, ಗುದ್ದಲಿ ಹಿಡಿದು ಹೊರಟುಬಿಡುತ್ತಿದ್ದರು. ಚರಂಡಿಗೆ ಬಿದ್ದ ಸೊಪ್ಪು, ಮಣ್ಣು ತೆಗೆಯುವುದು, ಮೋರಿಯ ಬಾಯಿ ಬಿಡಿಸುವುದು. ರಸ್ತೆಯ ಮೇಲೆ ಅವರು ಮಾಡುತ್ತಿದ್ದದ್ದು ಕಡಿಮೆ, ಪಕ್ಕದಲ್ಲೇ ಹೆಚ್ಚು. "ರಸ್ತೆ ಸಾಯೋದು ಮೇಲಿಂದ ಅಲ್ಲ ಮಗಾ, ಕೆಳಗಿಂದ. ನೀರು ನಿಲ್ಲಬಾರದು" ಎನ್ನುತ್ತಿದ್ದರು. ಓದಿದ್ದು ಮೂರನೇ ಇಯತ್ತೆ.

ಆದರೂ ಪ್ರತಿ ವರ್ಷ ರಸ್ತೆ ಕಿತ್ತು ಹೋಗುತ್ತಿತ್ತು. ಬೈಯುವವರು ಬೈಯುವುದು ಕಣ್ಣಿಗೆ ಕಂಡವರನ್ನಲ್ಲವೇ? ಮೇಸ್ತ್ರಿಯನ್ನು ಬೈಯುತ್ತಿದ್ದರು. ಒಂದು ಮಳೆಗಾಲ ನಮ್ಮ ಶಾಲೆಯ ಮೇಷ್ಟ್ರು ಸೈಕಲ್ ಸಮೇತ ನೀರು ತುಂಬಿದ ಗುಂಡಿಗೆ ಬಿದ್ದರು. ಅವರ ಒಂದು ಕಾಲು ಕಡೆಯವರೆಗೂ ಸರಿಹೋಗಲಿಲ್ಲ. ಅಪ್ಪಯ್ಯ ಅಂದಿನಿಂದ ಅವರ ಮನೆಗೆ ವರ್ಷವೂ ಒಂದು ಗೊನೆ ಬಾಳೆಹಣ್ಣು ಕೊಟ್ಟು ಬರುತ್ತಿದ್ದರು. ಮಾತಾಡುತ್ತಿರಲಿಲ್ಲ, ಜಗಲಿಯಲ್ಲಿ ಇಟ್ಟು ಬಂದುಬಿಡುತ್ತಿದ್ದರು.

ಬೇಸಿಗೆ ಬಂದರೆ ಡಾಂಬರಿನ ಕೆಲಸ. ಈಗಿನ ಮಕ್ಕಳು ಅದನ್ನು ನೋಡಿರಲಿಕ್ಕಿಲ್ಲ, ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ರಸ್ತೆಬದಿಯಲ್ಲಿ ಸೌದೆ ಒಲೆ ಹೂಡಿ, ಪೀಪಾಯಿಯಲ್ಲಿ ಡಾಂಬರು ಕಾಯಿಸುತ್ತಿದ್ದರು. ಕಪ್ಪು ಹೊಗೆ ಎದ್ದರೆ ಮೈಲಿ ದೂರಕ್ಕೆ ಗೊತ್ತಾಗುತ್ತಿತ್ತು. ಹಾಸಿದ ಜಲ್ಲಿಯ ಮೇಲೆ, ಗಿಡಕ್ಕೆ ನೀರು ಹನಿಸುವಂಥ ತೂತುಮೂತಿಯ ಡಬ್ಬಿಯಿಂದ ಸುರಿಯುವುದು. ಕಾಲಿಗೆ ಗೋಣಿತಾಟು ಸುತ್ತಿಕೊಂಡ ಹೆಂಗಸರು ಸಣ್ಣ ಜಲ್ಲಿ ಎರಚುವುದು. ಹಿಂದಿನಿಂದ ರೋಲರ್. ಅಪ್ಪಯ್ಯನ ಮುಂಗೈ ಮೇಲೆ ಡಾಂಬರು ಸಿಡಿದ ಕಲೆಗಳು ಬಿಳಿ ಚುಕ್ಕೆಗಳಾಗಿ ಉಳಿದಿದ್ದವು.

ನಾವು ಎಲ್ಲಕ್ಕೂ ಡಾಂಬರು ಎನ್ನುತ್ತೇವೆ. ಅದರಲ್ಲಿ ಎರಡು ಬಗೆ. ಕಲ್ಲಿದ್ದಲಿನಿಂದ ಬರುವುದು ಟಾರು. ಕಚ್ಚಾ ಎಣ್ಣೆಯಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಟ್ಟಿ ಗಸಿ ಬಿಟುಮೆನ್. ಈಗ ರಸ್ತೆಗೆ ಹಾಕುವುದೆಲ್ಲ ಬಿಟುಮೆನ್ನೇ. ಒಂದು ರಸ್ತೆಯ ಹಾಸಿನಲ್ಲಿ ಅದು ತೂಕದಲ್ಲಿ ನೂರಕ್ಕೆ ಐದಾರು ಪಾಲು ಮಾತ್ರ. ಮಿಕ್ಕದ್ದೆಲ್ಲ ಕಲ್ಲು, ಪುಡಿ. ಉಂಡೆಗೆ ಬೆಲ್ಲದ ಪಾಕ ಇದ್ದ ಹಾಗೆ. ಪಾಕ ಎಳೆಯದಾದರೆ ಉಂಡೆ ನಿಲ್ಲುವುದಿಲ್ಲ, ಏರುಪಾಕವಾದರೆ ಹಲ್ಲು ಮುರಿಯುತ್ತದೆ. ರಸ್ತೆಯ ಕಥೆ ಮುಕ್ಕಾಲು ಪಾಲು ಈ ಪಾಕದ ಕಥೆಯೇ.

ಪಾಕ ನೋಡುವುದು ಹೇಗೆ? ಬಹಳ ಹಿಂದೆ ಅಮೆರಿಕದಲ್ಲಿ ಅನುಭವಸ್ಥರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಅಗಿದು ಹದ ಹೇಳುತ್ತಿದ್ದರಂತೆ! (ಯಾರೂ ಪ್ರಯೋಗ ಮಾಡಬೇಡಿ.) 1888ರಲ್ಲಿ ಬೋವೆನ್ ಎಂಬಾತ ಹಲ್ಲಿನ ಬದಲು ಸೂಜಿಯ ಯಂತ್ರ ತಂದ. ಇಪ್ಪತ್ತೈದು ಡಿಗ್ರಿ ಶಾಖದಲ್ಲಿ ಇಟ್ಟ ಬಿಟುಮೆನ್ನಿಗೆ ನೂರು ಗ್ರಾಂ ಭಾರದ ಸೂಜಿ ಐದು ಸೆಕೆಂಡಿನಲ್ಲಿ ಎಷ್ಟು ಇಳಿಯಿತು ಎಂದು ನೋಡುವ ಪರೀಕ್ಷೆ ನಮ್ಮ ಕಾಲದವರೆಗೂ ನಡೆದುಬಂತು. ಅಪ್ಪಯ್ಯನ ಪೀಪಾಯಿಗಳ ಮೇಲೆ 80/100 ಎಂದು ಬರೆದಿರುತ್ತಿತ್ತು. ಸೂಜಿ ಎಂಟರಿಂದ ಹತ್ತು ಮಿಲಿಮೀಟರ್ ಇಳಿಯುವ ಹದ ಎಂದು ಅದರ ಅರ್ಥ. "ನೋಡು, ಡಾಂಬರಿಗೆ ನೂರಕ್ಕೆ ಎಂಬತ್ತು ಮಾರ್ಕು, ನಿನಗೆಷ್ಟು?" ಎಂದು ಗ್ಯಾಂಗಿನವರು ನನ್ನನ್ನು ಕೆಣಕುತ್ತಿದ್ದರು.

ಮಿನ್‌ರೋಡಿನಲ್ಲಿ ಬರೆದಿದ್ದ ಸಂಖ್ಯೆಗಳು ಬೇರೆ. 58-28, 58-34, 58-40. 1987ರಿಂದ ಐದಾರು ವರ್ಷ ಅಮೆರಿಕದಲ್ಲಿ ದೊಡ್ಡದೊಂದು ಸಂಶೋಧನೆ ನಡೆದು ಹುಟ್ಟಿದ ಲೆಕ್ಕ ಇದು. ಮೊದಲನೆಯದು ಬೇಸಿಗೆಯದು: ರಸ್ತೆ ಐವತ್ತೆಂಟು ಡಿಗ್ರಿಯಷ್ಟು ಕಾದರೂ ಮೆತ್ತಗಾಗಿ ಗಾಲಿಯ ಗುಂಡಿ ಬೀಳಬಾರದು. ಎರಡನೆಯದು ಚಳಿಯದು: ಸೊನ್ನೆಗಿಂತ ಅಷ್ಟು ಡಿಗ್ರಿ ಕೆಳಗಿಳಿದರೂ ಬಿರಿಯಬಾರದು. ಚಳಿಗೆ ಹೆಚ್ಚಿನ ವಸ್ತುಗಳು ಕುಗ್ಗುತ್ತವೆ. ರಸ್ತೆಯೂ ಕುಗ್ಗುತ್ತದೆ, ಆದರೆ ಕುಗ್ಗಿ ಹೋಗುವುದಾದರೂ ಎಲ್ಲಿಗೆ? ಎರಡು ತುದಿಯಲ್ಲಿ ಹಿಡಿದು ಎಳೆದ ಹಾಗಾಗಿ ಅಡ್ಡಕ್ಕೆ ಬಿರುಕು ಬಿಡುತ್ತದೆ. ಆ ಉಂಗುರದಲ್ಲಿ 1999ರಲ್ಲಿ ಈ ಮೂರು ಹದಗಳನ್ನೂ ಒಂದರ ಮುಂದೊಂದು ಹಾಕಿ ನೋಡಿದ್ದಾರೆ. ಕಲಬುರಗಿಯ ರಸ್ತೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಚಳಿಯ ಭಯವಿಲ್ಲ, ಮೇ ತಿಂಗಳ ಬಿಸಿಲಿಗೆ ಕರಗಬಾರದು ಅಷ್ಟೆ. ನಮ್ಮ ದೇಶದಲ್ಲಿ ಈಗ ಅರವತ್ತು ಡಿಗ್ರಿ ಶಾಖದಲ್ಲಿ ಎಷ್ಟು ಸರಾಗ ಹರಿಯುತ್ತದೆ ಎಂದು ಅಳೆದು ವಿಜಿ-10, ವಿಜಿ-30, ವಿಜಿ-40 ಎಂದು ಹೆಸರಿಡುತ್ತಾರೆ. ನೀರುದೋಸೆಯ ಹಿಟ್ಟಿನಲ್ಲಿ ಮಸಾಲೆದೋಸೆ ಹುಯ್ಯಲು ಬರುವುದಿಲ್ಲ. ಮಿನೆಸೋಟದ ಪಾಕವನ್ನು ಹಾಗೇ ತಂದು ಇಲ್ಲಿ ಸುರಿದರೂ ಪ್ರಯೋಜನವಿಲ್ಲ.

ಇಷ್ಟಾದರೂ ನಾನು ನೋಡಬೇಕೆಂದಿದ್ದದ್ದು ಕೆಳಗಿನದನ್ನು. ಅಪ್ಪಯ್ಯನ "ಕೆಳಗಿಂದ" ಎಂಬ ಮಾತು ತಲೆಯಲ್ಲಿತ್ತಲ್ಲ. ಆ ಹುಡುಗಿ ರಸ್ತೆಯ ಪಕ್ಕದಲ್ಲಿದ್ದ ಕಬ್ಬಿಣದ ಪೆಟ್ಟಿಗೆಯೊಂದನ್ನು ತೆರೆದಳು. ಒಳಗೆ ಜಡೆಗಟ್ಟಿದ ವೈರುಗಳು. ರಸ್ತೆ ಹಾಕುವಾಗಲೇ ಹಾಸಿನಲ್ಲಿ, ಅದರ ಕೆಳಗಿನ ಜಲ್ಲಿಯಲ್ಲಿ, ಇನ್ನೂ ಕೆಳಗಿನ ಮಣ್ಣಿನಲ್ಲಿ ಸಾವಿರಾರು ಸಣ್ಣ ಸಾಧನಗಳನ್ನು ಹುಗಿದಿದ್ದಾರೆ. ಒಂದು ಶಾಖ ಹೇಳುತ್ತದೆ, ಒಂದು ತೇವ ಹೇಳುತ್ತದೆ, ಇನ್ನೊಂದು ಲಾರಿ ಹೋದಾಗ ರಸ್ತೆ ಎಷ್ಟು ಹಿಗ್ಗಿತು ಎಂದು ಹೇಳುತ್ತದೆ. ಕುದಿಯುವಷ್ಟು ಬಿಸಿಯ ಮಿಶ್ರಣದಡಿ ಹೂತು, ಮೇಲೆ ರೋಲರ್ ಹರಿದರೂ ಬದುಕಿ ಉಳಿಯಬೇಕು ಅವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುತ್ತಾರಲ್ಲ, ಹಾಗೆ ಇಲ್ಲಿ ರಸ್ತೆಯ ಒಳಗೇ ಕಿವಿ.

ಆ ಕಿವಿಗಳು ಕೇಳಿಸಿಕೊಂಡದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಹಿಮ ಕರಗುವ ಕಾಲದ ಕಥೆ. ಚಳಿಗಾಲದಲ್ಲಿ ರಸ್ತೆಯ ಅಡಿಯ ಮಣ್ಣು ನಾಲ್ಕೈದು ಅಡಿ ಆಳದವರೆಗೂ ಹೆಪ್ಪುಗಟ್ಟುತ್ತದೆ. ಮಣ್ಣಿನೊಳಗಿನ ನೀರೆಲ್ಲ ಐಸು. ಆಗ ರಸ್ತೆ ಬಂಡೆಯಂತೆ ಗಟ್ಟಿ. ಲಾರಿಗಳಿಗೆ ಎಂದಿಗಿಂತ ಸ್ವಲ್ಪ ಹೆಚ್ಚೇ ಹೊರೆ ಹೇರಲು ಸರ್ಕಾರ ಬಿಡುತ್ತದೆ. ವಸಂತ ಬಂದಾಗ ಐಸು ಕರಗುವುದು ಮೇಲಿನಿಂದ. ಮೇಲಿನ ಒಂದೆರಡು ಅಡಿ ಕರಗಿ ನೀರಾಯಿತು. ಕೆಳಗಿನದು ಇನ್ನೂ ಕಲ್ಲು. ನೀರು ಕೆಳಗೆ ಇಳಿಯುವಂತಿಲ್ಲ, ಪಕ್ಕಕ್ಕೆ ಹರಿಯುವಂತಿಲ್ಲ, ಮೇಲೆ ರಸ್ತೆ ಮುಚ್ಚಿಕೊಂಡಿದೆ. ತಟ್ಟೆಯಲ್ಲಿ ನಿಂತ ನೀರಿನ ಹಾಗೆ. ನಾಟಿಗೆ ಹದ ಮಾಡಿದ ಗದ್ದೆಯ ಮೇಲೆ ಚಾಪೆ ಹಾಸಿ ಅದರ ಮೇಲೆ ಎತ್ತಿನ ಗಾಡಿ ಹೊಡೆದರೆ ಏನಾದೀತು? ಹೊರಗಿನಿಂದ ನೋಡಿದರೆ ರಸ್ತೆ ಒಣಗಿ ಕಪ್ಪಗೆ ಚೆನ್ನಾಗೇ ಇರುತ್ತದೆ. ಒಂದು ಭಾರದ ಲಾರಿ ಬರುವುದೇ ತಡ, ಕೆಳಗಿನ ಕೆಸರು ಬಾಗುತ್ತದೆ, ಮೇಲಿನ ಹಾಸು ಮುರಿಯುತ್ತದೆ. ವರ್ಷವಿಡೀ ಆಗದ ಹಾನಿ ಆ ಕೆಲವೇ ವಾರಗಳಲ್ಲಿ ಆಗಿಹೋಗುತ್ತದೆ.

ಹಾಗಾಗಿ ಪ್ರತಿ ವಸಂತದಲ್ಲೂ ಅಲ್ಲಿನ ಸಣ್ಣ ರಸ್ತೆಗಳಲ್ಲಿ ಫಲಕ ನೆಡುತ್ತಾರೆ: ಒಂದು ಅಚ್ಚಿಗೆ ಐದು ಟನ್ ಮೀರಬಾರದು, ಏಳು ಟನ್ ಮೀರಬಾರದು. ಮಗಳ ಮನೆಯ ಆಸುಪಾಸಿನ ರಸ್ತೆಗಳಲ್ಲಿ ನಾನೂ ಅವನ್ನು ಕಂಡಿದ್ದೆ. ಯಾವ ದಿನ ನೆಡಬೇಕು ಎಂಬುದೇ ಕಷ್ಟದ ಪ್ರಶ್ನೆ. ಬೇಗ ನೆಟ್ಟರೆ ರೈತರ ಸಾಗಣೆ ನಿಲ್ಲುತ್ತದೆ, ತಡವಾದರೆ ರಸ್ತೆ ಹೋಗುತ್ತದೆ. ಮಿನ್‌ರೋಡಿನ ಮಣ್ಣಿನಡಿಯ ಲೆಕ್ಕ ಸಿಕ್ಕಿದ ಮೇಲೆ ಕ್ಯಾಲೆಂಡರ್ ನೋಡಿ ನೆಡುವುದು ಬಿಟ್ಟು, ದಿನದಿನದ ಹವೆಯ ಶಾಖವನ್ನು ಕೂಡಿಸಿ, ಕರಗು ಯಾವಾಗ ಶುರುವಾದೀತೆಂದು ಲೆಕ್ಕ ಹಾಕಿ ನೆಡುವ ಪದ್ಧತಿ ಬಂತು.

ರಸ್ತೆ ಒಳಗೆ ಮೆತ್ತಗಾಗಿದೆಯೇ ಎಂದು ಅಗೆಯದೆ ತಿಳಿಯಲು ಒಂದು ಯಂತ್ರವನ್ನೂ ತೋರಿಸಿದಳು. ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವಂಥದ್ದು. ನಿಂತಲ್ಲಿ ಒಂದು ತಟ್ಟೆ ರಸ್ತೆಗೆ ಒತ್ತಿ ಕೂರುತ್ತದೆ, ಅದರ ಮೇಲೆ ಭಾರ ಧೊಪ್ಪೆಂದು ಬೀಳುತ್ತದೆ. ತಟ್ಟೆಯ ಕೆಳಗೆ, ಅದರಿಂದ ಒಂದಡಿ ದೂರದಲ್ಲಿ, ಎರಡಡಿ ದೂರದಲ್ಲಿ ರಸ್ತೆ ಎಷ್ಟೆಷ್ಟು ಬಾಗಿತು ಎಂದು ಸಾಲಾಗಿ ಅಳೆಯುತ್ತದೆ. ಬಾಗುವುದು ಒಂದು ಮಿಲಿಮೀಟರಿಗಿಂತ ಕಡಿಮೆಯೇ. ಆದರೆ ಆ ಬಾಗಿದ ರೀತಿಯಲ್ಲೇ ಯಾವ ಪದರ ಸೋತಿದೆ ಎಂದು ಕಂಡುಹಿಡಿಯುತ್ತಾರೆ. ಹಲಸಿನ ಕಾಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಬಲಿತಿದೆಯೋ ಇಲ್ಲವೋ ಎಂದು ಹೇಳುವ ನನ್ನ ಅತ್ತೆಯವರನ್ನು ಅಲ್ಲಿಗೆ ಕರೆದೊಯ್ದಿದ್ದರೆ ಕೆಲಸ ಸಿಗುತ್ತಿತ್ತೇನೋ.

ಈಗ ನಾನು ಗಣಿತದ ಟೀಚರ್ ಆಗಿ ಮೂವತ್ತು ವರ್ಷ ಪಾಠ ಮಾಡಿದವಳು ಎಂಬುದನ್ನು ಸ್ವಲ್ಪ ತೋರಿಸಬೇಕು. ಪೆನ್ಸಿಲ್ ತೆಗೆದುಕೊಳ್ಳಿ.

ಮಿನ್‌ರೋಡಿಗೂ ಮೊದಲು ಇಲಿನಾಯ್ ರಾಜ್ಯದಲ್ಲಿ ಒಟ್ಟಾವ ಎಂಬ ಊರಿನ ಹತ್ತಿರ (ಕೆನಡಾದ ರಾಜಧಾನಿಯಲ್ಲ, ಅದೇ ಹೆಸರಿನ ಚಿಕ್ಕ ಊರು) ಇಂಥದ್ದೇ ಒಂದು ದೊಡ್ಡ ಪರೀಕ್ಷೆ ನಡೆದಿತ್ತು. 1958ರ ಅಕ್ಟೋಬರಿನಿಂದ 1960ರ ನವೆಂಬರಿನವರೆಗೆ ಸೈನಿಕರು 126 ಲಾರಿಗಳನ್ನು ಹೀಗೆಯೇ ಸುತ್ತು ಹೊಡೆಸಿದರು. ಒಂದೊಂದು ಉಂಗುರದಲ್ಲಿ ಒಂದೊಂದು ಭಾರ. ಎಲ್ಲ ಲಾರಿಗಳೂ ಓಡಿದ್ದು ಸೇರಿಸಿದರೆ ಸುಮಾರು ಎರಡೂಮುಕ್ಕಾಲು ಕೋಟಿ ಕಿಲೋಮೀಟರ್. ಅದರಿಂದ ಸಿಕ್ಕಿದ್ದು ಇದು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ. ಎರಡನ್ನು ಎರಡರಿಂದ, ಮತ್ತೆ ಎರಡರಿಂದ, ಮತ್ತೆ ಎರಡರಿಂದ ಗುಣಿಸಿ. ಹದಿನಾರು ಪಟ್ಟು! ಇದು ಸುಮಾರು ಲೆಕ್ಕವೇ, ಆದರೆ ಇಂಜಿನಿಯರುಗಳು ಇಂದಿಗೂ ಇದನ್ನು ಮರೆಯುವಂತಿಲ್ಲ.

ಒಂದು ಸಣ್ಣ ಕಾರಿನ ಅಚ್ಚಿನ ಮೇಲೆ ಅರ್ಧ ಟನ್ ಭಾರ ಎನ್ನೋಣ. ಲಾರಿಯ ಅಚ್ಚಿನ ಮೇಲೆ ಎಂಟು ಟನ್. ಹದಿನಾರು ಪಟ್ಟು. ಹದಿನಾರನ್ನು ನಾಲ್ಕು ಸಲ ಇಟ್ಟು ಗುಣಿಸಿದರೆ 65,536. ಅಂದರೆ ಆ ಲಾರಿಯ ಒಂದು ಅಚ್ಚು ಒಮ್ಮೆ ಹಾದುಹೋದರೆ, ಕಾರಿನ ಅಚ್ಚು ಅರವತ್ತೈದು ಸಾವಿರ ಸಲ ಹಾದುಹೋದಷ್ಟು. ಮೊಮ್ಮಗ ನಂಬಲಿಲ್ಲ. ಅಲ್ಲೇ ಕೂತು ಕಾಗದದ ಮೇಲೆ ಗುಣಿಸಿದ.

ನಮ್ಮಲ್ಲಿ 2018ರಲ್ಲಿ ನಾಲ್ಕು ಟೈರಿನ ಒಂದು ಅಚ್ಚಿಗೆ ಕಾನೂನು ಒಪ್ಪುವ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ನೋಡಲು ಒಂದೂಕಾಲು ಟನ್ನಿನ ಮಾತು. ಇದೇ ಲೆಕ್ಕ ಹಿಡಿದರೆ ಹಾನಿ ಒಂದೂವರೆ ಪಟ್ಟಿಗೂ ಮೀರಿ ಏರುತ್ತದೆ. ಲಾರಿ ಕಡಿಮೆ ಸಲ ಓಡಿದರೆ ಡೀಸೆಲ್ ಉಳಿಯುತ್ತದೆ, ನಿಜ. ಆದರೆ ಉಳಿದ ಡೀಸೆಲ್ಲಿನ ದುಡ್ಡು ಒಬ್ಬರ ಜೇಬಿಗೆ ಹೋಗುತ್ತದೆ, ಕಿತ್ತ ರಸ್ತೆಯ ಗುಂಡಿಗೆ ಬೀಳುವವರು ಬೇರೆ ಯಾರೋ. ಸಂಡೂರು, ಹೊಸಪೇಟೆಯ ಕಡೆ ಅದಿರಿನ ಲಾರಿಗಳು ಮಿತಿಮೀರಿ ಹೇರಿಕೊಂಡು ಓಡಿದ ಕಾಲದಲ್ಲಿ ಅಲ್ಲಿನ ರಸ್ತೆಗಳ ಗತಿ ಏನಾಗಿತ್ತು ಎಂದು ಆ ಭಾಗದ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಅದಿರು ಎಂದಾಗ ನೆನಪಾಯಿತು. ಮಿನೆಸೋಟದ ಉತ್ತರದಲ್ಲೂ ಕಬ್ಬಿಣದ ಗಣಿಗಳಿವೆ. ನಮ್ಮ ಕುದುರೆಮುಖದ ಹಾಗೆಯೇ ಕಬ್ಬಿಣದ ಅಂಶ ಕಡಿಮೆ ಇರುವ ಕಲ್ಲು. ಪುಡಿಮಾಡಿ, ಕಬ್ಬಿಣ ತೆಗೆದ ಮೇಲೆ ಗುಡ್ಡದಷ್ಟು ತ್ಯಾಜ್ಯ ಉಳಿಯುತ್ತದೆ. ಆ ಪುಡಿಗಲ್ಲು ಗಟ್ಟಿ, ಮೂಲೆಮೂಲೆಯಾಗಿರುತ್ತದೆ. ಅದನ್ನು ಜಲ್ಲಿಯ ಬದಲು ಹಾಕಿದ ಅಂಕಣಗಳಿವೆ. ಅಲ್ಲಿನ ಮನೆಗಳ ಮಾಡಿಗೆ ಹೊದಿಸುವ ಡಾಂಬರಿನ ಹಾಳೆಗಳು ಹಳತಾದ ಮೇಲೆ ಅರೆದು ಬೆರೆಸಿದ ಅಂಕಣವೂ ಇದೆ. ಬೆಂಗಳೂರಿನಲ್ಲಿ 2000ದ ದಶಕದ ಆರಂಭದಿಂದಲೇ ಪ್ಲಾಸ್ಟಿಕ್ ಚೂರು ಬೆರೆಸಿ ರಸ್ತೆ ಹಾಕಿದ್ದನ್ನು, ಮದುರೆಯ ತ್ಯಾಗರಾಜರ್ ಕಾಲೇಜಿನ ಪ್ರೊಫೆಸರ್ ವಾಸುದೇವನ್ ಅವರು ಕಾದ ಜಲ್ಲಿಗೆ ಪ್ಲಾಸ್ಟಿಕ್ ಸವರಿ ಆಮೇಲೆ ಡಾಂಬರು ಬೆರೆಸುವ ವಿಧಾನ ಕಂಡುಹಿಡಿದದ್ದನ್ನು ನಾನು ಹೇಳಿದೆ. ಆ ಹುಡುಗಿ ಪುಸ್ತಕ ತೆಗೆದು ಬರೆದುಕೊಂಡಳು. ವಾಸುದೇವನ್ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಮಗಳ ಮೂಲಕ ಅವಳಿಗೆ ಸುದ್ದಿ ಕಳಿಸಿದೆ.

ಹೊರಡುವ ಮೊದಲು ಕೊನೆಯ ಅಂಕಣ. 2008ರಲ್ಲಿ ಹಾಕಿದ್ದು. ನೋಡಲು ಕಡಲೆ ಚಿಕ್ಕಿಯ ಹಾಗೆ ಒರಟು. ಅವಳು ಒಂದು ಕೊಡದಷ್ಟು ನೀರು ತಂದು ಮೊಮ್ಮಗನ ಕೈಗೆ ಕೊಟ್ಟು, "ಸುರಿ" ಎಂದಳು. ಸುರಿದ. ನೀರು ಹರಿಯಲಿಲ್ಲ. ಅಲ್ಲೇ ಮಾಯವಾಯಿತು! ಸಣ್ಣ ಪುಡಿ ಹಾಕದೆ ಬರೀ ಜಲ್ಲಿ, ಬಿಟುಮೆನ್ನಿನಲ್ಲಿ ಕಟ್ಟಿದ ಹಾಸು. ಕಲ್ಲು ಕಲ್ಲಿನ ನಡುವೆ ಸಂದು. ಕೆಳಗೆ ಆಳದವರೆಗೆ ದಪ್ಪ ಜಲ್ಲಿಯ ಹಾಸಿಗೆ. ನೀರು ಅದರಲ್ಲಿ ನಿಂತು, ನಿಧಾನವಾಗಿ ಮಣ್ಣಿಗೆ ಇಂಗುತ್ತದೆ. ನೀರು ರಸ್ತೆಯ ಶತ್ರು ಎನ್ನುತ್ತಿದ್ದ ಅಪ್ಪಯ್ಯನಿಗೆ ಇದನ್ನು ತೋರಿಸಿದ್ದರೆ ಏನೆನ್ನುತ್ತಿದ್ದರು? ಮೊದಲು ಬೈಯುತ್ತಿದ್ದರು. ಆಮೇಲೆ ಮಂಡಿಯೂರಿ ಕೂತು ಕೈಯಾಡಿಸಿ ನೋಡುತ್ತಿದ್ದರು. ಇದಕ್ಕೂ ಕಾಟವಿದೆ, ಧೂಳು, ಮರಳು ಕೂತು ಸಂದು ಮುಚ್ಚಿಕೊಳ್ಳುತ್ತದೆ, ಆಗಾಗ ಯಂತ್ರದಿಂದ ಹೀರಿ ತೆಗೆಯಬೇಕು. ನಮ್ಮ ಕೆಮ್ಮಣ್ಣಿನ ಊರಿನಲ್ಲಿ ಎಷ್ಟು ದಿನ ಬಾಳೀತು ಎಂದು ನನಗೂ ಅನುಮಾನವೇ.

"ಪೂರ್ತಿ ಹಾಳಾದ ಮೇಲೆ ಏನು ಮಾಡ್ತೀರಿ?" ಎಂದು ಮೊಮ್ಮಗ ಕೇಳಿದ.

"ಅದಕ್ಕೇ ತಾನೇ ಹಾಕಿದ್ದು? ಕಿತ್ತು, ಏಕೆ ಹಾಳಾಯಿತು ಅಂತ ಬರೆದಿಟ್ಟು, ಹೊಸ ಬಗೆಯದು ಹಾಕ್ತೇವೆ" ಎಂದಳು. ಕೀಳುವ ಮೊದಲು ಮತ್ತು ನಡುನಡುವೆ ಕೊಳವೆಯಂಥ ಗರಗಸದಿಂದ ಕೊರೆದು, ಉರುಳೆಯಾಕಾರದ ತುಂಡು ತೆಗೆದು ಪರೀಕ್ಷಿಸುತ್ತಾರೆ. ಅಂಥ ತುಂಡುಗಳು ಅವರ ಕೋಣೆಯಲ್ಲಿ ಸಾಲಾಗಿ ಕೂತಿದ್ದವು. ಕೆಲಸ ಮುಗಿದ ಒಂದನ್ನು, ನೀರು ಇಂಗುವ ಆ ಅಂಕಣದ್ದನ್ನೇ, ನನಗೆ ಕೊಟ್ಟಳು. ಸೇರಿನ ಪಾತ್ರೆಯ ಗಾತ್ರ, ಒಂದೂವರೆ ಕಿಲೋ ತೂಕ. ಮಗಳು ಎಷ್ಟು ಬೇಡವೆಂದರೂ ಸೀರೆಗಳ ನಡುವೆ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲ ನಿಂತೇಬಿಟ್ಟಿತು. ಕೈಗವಸು ತೊಟ್ಟ ಆಫೀಸರು ಅದನ್ನು ಮೇಲೆತ್ತಿ, ತಿರುಗಿಸಿ, "ಏನಿದು?" ಎಂದ.

"ರಸ್ತೆ" ಎಂದೆ.

ಅವನು ಇನ್ನೊಬ್ಬನನ್ನು ಕರೆದ. ಇನ್ನೊಬ್ಬ ಮೂಸಿ ನೋಡಿದ, ನನ್ನ ಮುಖ ನೋಡಿದ, ನಕ್ಕು ಬಿಟ್ಟುಬಿಟ್ಟ.

ಅದು ಈಗ ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿದೆ. ಮಳೆಗಾಲ ಬಂದರೆ ಕೇರಿಯ ಮಕ್ಕಳು ಅದನ್ನು ಸೂರಿನ ಕೆಳಗೆ ಎರಡು ಇಟ್ಟಿಗೆಯ ಮೇಲೆ ಕೂರಿಸಿ, ಅಡಿಯಲ್ಲಿ ಚೊಂಬು ಇಡುತ್ತಾರೆ. ಮೇಲೆ ಬಿದ್ದ ನೀರು ಕಲ್ಲಿನ ಸಂದಿನಲ್ಲಿ ಇಳಿದು ಚೊಂಬಿಗೆ ಬೀಳುತ್ತದೆ. ಮೊನ್ನೆ ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗ ಅದನ್ನು ತಿರುಗಿಸಿ ನೋಡುತ್ತಾ, "ಟೀಚರಜ್ಜಿ, ಇದರ ಮೇಲೆ ಎಷ್ಟು ಚಕ್ರ ಓಡಿರಬಹುದು?" ಎಂದ.

"ಲಾರಿಗೆ ಐದು ಅಚ್ಚು, ದಿನಕ್ಕೆ ಎಂಬತ್ತು ಸುತ್ತು. ಮೊದಲು ಒಂದು ದಿನದ್ದು ಹೇಳು" ಎಂದೆ.

ಅವನು ಚೊಂಬು ಕೆಳಗಿಟ್ಟು ಬೆರಳು ಮಡಚತೊಡಗಿದ.